ಉಕ್ಕಿನ ಎರಕದ ದೋಷಗಳು ಮತ್ತು ದಣಿವಿನ ಬಿರುಕು

ಒಮ್ಮೆ ಬಿದ್ದರೆ ಸಲೀಸಾಗಿ ತಾಳಿಕೊಳ್ಳುವ ಭಾರವೇ ಲಕ್ಷಾಂತರ ಬಾರಿ ಬಂದುಹೋದಾಗ ಉಕ್ಕು ಬಿರಿಯುವುದಕ್ಕೆ ಲೋಹದ ದಣಿವು ಎನ್ನುತ್ತಾರೆ. ಎರಕದ ಉಕ್ಕಿನಲ್ಲಿ ಈ ಬಿರುಕು ಬಹುಮಟ್ಟಿಗೆ ಹುಟ್ಟುವುದು ಫೌಂಡ್ರಿಯಲ್ಲೇ ಉಳಿದುಹೋದ ದೋಷದಿಂದ. ಉಕ್ಕು ಗಟ್ಟಿಯಾಗುವಾಗ ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನು ತುಂಬಲೆಂದು ಅಚ್ಚಿನಲ್ಲಿ ಇಟ್ಟ ಹೆಚ್ಚುವರಿ ಲೋಹದ ಭಾಗದಿಂದ (ರೈಸರ್) ಇಳಿದುಬರುವ ಕರಗಿದ ಲೋಹ ಸಾಲದ ಕಡೆ ಪೊಳ್ಳು ಉಳಿಯುತ್ತದೆ. ಹೊರಬರಲಾಗದ ಅನಿಲ ಗುಳ್ಳೆಯಾಗುತ್ತದೆ, ಮರಳು ಕಿಟ್ಟಗಳು ಒಳಗೆ ಸಿಕ್ಕಿಕೊಳ್ಳುತ್ತವೆ, ಮೂಲೆಗಳಲ್ಲಿ ಬಿಸಿಯಿರುವಾಗಲೇ ಸೀಳು ಬೀಳುತ್ತದೆ. ಗುಂಡನೆಯ ಗುಳ್ಳೆಗಿಂತ ಚೂಪಂಚಿನ ಪೊಳ್ಳು ಕೆಟ್ಟದ್ದು. ಅದು ಮೇಲ್ಮೈಗೆ ತಾಗಿದ್ದರೆ ಇನ್ನೂ ಕೆಟ್ಟದ್ದು.

ದಣಿವಿನ ಅಧ್ಯಯನವೂ ಉಕ್ಕಿನ ಎರಕವೂ ಹೆಚ್ಚುಕಡಿಮೆ ಓರಗೆಯವು, ಆದರೆ ಬಹುಕಾಲ ಒಂದಕ್ಕೊಂದು ಪರಿಚಯವಾಗಲಿಲ್ಲ. ಜರ್ಮನಿಯ ಬೋಖುಮ್‌ನಲ್ಲಿ ಯಾಕೋಬ್ ಮಾಯರ್ ಉಕ್ಕಿನ ಗಂಟೆಗಳನ್ನು ಎರಕ ಹೊಯ್ದು 1855ರ ಪ್ಯಾರಿಸ್ ಪ್ರದರ್ಶನಕ್ಕೆ ತಂದ. ಆಗುಸ್ಟ್ ವೋಲರ್ ಪ್ರಷ್ಯದ ರೈಲ್ವೆ ಆಕ್ಸಲ್‌ಗಳ ಮೇಲೆ ನಡೆಸಿದ ದಣಿವಿನ ಪ್ರಯೋಗಗಳ ವರದಿ 1870ರಲ್ಲಿ ಪೂರ್ಣಗೊಂಡಿತು. ಅಷ್ಟರಲ್ಲಿ ಫೌಂಡ್ರಿಗಳು ದೋಷವನ್ನು ಮುಚ್ಚುವ ಕಲೆಯಲ್ಲಿ ಪಳಗಿದ್ದವು. 1879ರಲ್ಲಿ ಸ್ಕಾಟ್ಲೆಂಡಿನ ಟೇ ಸೇತುವೆ ಕುಸಿದ ಮೇಲೆ ನಡೆದ ವಿಚಾರಣೆಯಲ್ಲಿ, ಅದರ ಬೀಡುಕಬ್ಬಿಣದ ಕಂಬಗಳ ಗುಳ್ಳೆಗಳಿಗೆ ಜೇನುಮೇಣ, ರಾಳ, ಕಬ್ಬಿಣದ ಪುಡಿ, ಕಾಡಿಗೆ ಬೆರೆಸಿದ ಲೇಪ ಮೆತ್ತಿದ್ದು ಬಯಲಾಯಿತು. ಬೊಮಾಂಟ್ ಎಗ್ ಎಂಬ ಆ ಲೇಪವನ್ನು ಉಜ್ಜಿ ಬಣ್ಣ ಬಳಿದರೆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಎರಕದ ಒಡಲೊಳಗನ್ನು ನೋಡುವ ದಾರಿ ತೆರೆದದ್ದು 1920ರ ದಶಕದಲ್ಲಿ. ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಲೆಸ್ಟರ್ ಎಂಬ ಸಂಶೋಧಕರು ಉಕ್ಕಿನ ಎರಕಗಳಿಗೆ ಎಕ್ಸ್-ರೇ ಹಾಯಿಸಿದರು. ಮುಂದೆ ಮಾದರಿ ಚಿತ್ರಗಳಿಗೆ ಹೋಲಿಸಿ ದರ್ಜೆ ಕೊಡುವ ಪದ್ಧತಿ ಬೆಳೆಯಿತು. ಅದು ಈಗಲೂ ಇದೆ, ಅದರ ಕೊರತೆಯೂ ಇದೆ: ಒಂದು ಫಿಲ್ಮು ದೋಷದ ಆಳ ಹೇಳದು, ಅಲ್ಲಿ ಎಷ್ಟು ಒತ್ತಡ ಬೀಳುತ್ತದೆಂಬುದನ್ನಂತೂ ಹೇಳುವುದೇ ಇಲ್ಲ. ಒಂದೇ ದರ್ಜೆಯ ಪೊಳ್ಳು ಒಂದು ಕಡೆ ನಿರುಪದ್ರವಿ, ಇನ್ನೊಂದು ಕಡೆ ಮಾರಕ.

ಲೆಕ್ಕ ಬಂದದ್ದು ಬಿರುಕಿನ ಬೆಳವಣಿಗೆಯ ಸಿದ್ಧಾಂತದಿಂದ. 1963ರಲ್ಲಿ ಪ್ಯಾರಿಸ್ ಮತ್ತು ಎರ್ಡೊಗನ್ ಎಂಬ ಸಂಶೋಧಕರು ಪ್ರತಿ ಆವರ್ತನೆಗೆ ಬಿರುಕು ಎಷ್ಟು ಬೆಳೆಯುತ್ತದೆಂಬುದಕ್ಕೆ ಸೂತ್ರ ಕೊಟ್ಟರು. 1980ರ ದಶಕದಲ್ಲಿ ಜಪಾನಿನ ಯುಕಿಟಾಕ ಮುರಾಕಮಿ, ಸಣ್ಣ ದೋಷವನ್ನು, ಒತ್ತಡದ ದಿಕ್ಕಿಗೆ ಲಂಬವಾದ ಸಮತಲದ ಮೇಲೆ ಬೀಳುವ ಅದರ ನೆರಳಿನ ವಿಸ್ತೀರ್ಣದ ವರ್ಗಮೂಲದಿಂದಲೇ ಅಳೆಯಬಹುದೆಂದು ತೋರಿಸಿದರು. ಅವರ ಸೂತ್ರದಂತೆ ಈ ಅಳತೆ ಎರಡರಷ್ಟಾದರೆ ದಣಿವಿನ ಮಿತಿ (ಎಷ್ಟು ಬಾರಿ ಬಂದುಹೋದರೂ ಉಕ್ಕು ತಾಳುವ ಒತ್ತಡ) ಸುಮಾರು 11% ಮಾತ್ರ ಇಳಿಯುತ್ತದೆ. ಆದರೆ ಇದು ಸುಮಾರು 1 ಮಿ.ಮೀ.ವರೆಗಿನ ದೋಷಗಳ ಮಾತು. ದೊಡ್ಡ ಪೊಳ್ಳನ್ನು ಮೊದಲೇ ಇರುವ ಬಿರುಕೆಂದೇ ಎಣಿಸುವುದು ಕ್ಷೇಮ.

ದೋಷದ ಗಾತ್ರವಷ್ಟೇ ಅಲ್ಲ, ಅದಿರುವ ಸ್ಥಳವೂ ಮುಖ್ಯವೆಂಬುದಕ್ಕೆ ರಷ್ಯದ 18-100 ಮಾದರಿಯ ಸರಕು ವ್ಯಾಗನ್ ಬೋಗಿ (ವ್ಯಾಗನ್ನಿನ ಕೆಳಗೆ ಗಾಲಿಗಳನ್ನು ಹಿಡಿದಿಡುವ ಚೌಕಟ್ಟು) ಸಾಕ್ಷಿ. ಅದರ ಎರಕದ ಪಕ್ಕಚೌಕಟ್ಟುಗಳು ಮುರಿಯುತ್ತಿದ್ದುದು ಹೆಚ್ಚಾಗಿ ಆಕ್ಸಲ್ ಪೆಟ್ಟಿಗೆ ಕೂರುವ ತೆರವಿನ ಒಳಮೂಲೆಯಲ್ಲಿ, 55 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ. ಒತ್ತಡ ಹೆಚ್ಚುವುದೂ ಅಲ್ಲೇ, ಎರಕದ ಪೊಳ್ಳು ಸೀಳುಗಳು ಬೀಳುವುದೂ ಅಲ್ಲೇ.

ಎರಕದ ರೈಲುಗಾಲಿಗಳಲ್ಲಿ ಉರುಳುವ ಮೈಯಿಂದ ಸ್ವಲ್ಪ ಒಳಗಿರುವ ಪೊಳ್ಳಿನಿಂದ ಹೊರಟ ಬಿರುಕು ಅಂಚನ್ನೇ ಕಳಚಬಲ್ಲದು. ಬೆಂಗಳೂರಿನ ಯಲಹಂಕದ ರೈಲು ಗಾಲಿ ಕಾರ್ಖಾನೆ 1984ರಿಂದ ಗಾಲಿಗಳನ್ನು ಎರಕ ಹೊಯ್ಯುತ್ತಿದೆ. ಅಲ್ಲಿ ಕರಗಿದ ಉಕ್ಕನ್ನು ಮೇಲಿನಿಂದ ಸುರಿಯದೆ, ಗಾಳಿಯ ಒತ್ತಡದಿಂದ ಕೆಳಗಿನಿಂದ ಗ್ರಾಫೈಟ್ ಅಚ್ಚಿಗೆ ಏರಿಸುತ್ತಾರೆ. ಒಳಗಿನ ಪೊಳ್ಳುಗಳ ಪತ್ತೆಗೆ ತಯಾರಾದ ಗಾಲಿಗಳನ್ನು ಅಲ್ಟ್ರಾಸಾನಿಕ್ ಪರೀಕ್ಷೆಗೂ ಒಡ್ಡುತ್ತಾರೆ.