ಶೇ. 26 ಅಂದರೆ ಎಂಟು ಜನ

ಮುಟ್ಟು ನಿಲ್ಲುವ ಹೊತ್ತಿನಲ್ಲಿ ನಡುರಾತ್ರಿ ಎದ್ದು, ಬೆವರಿನಲ್ಲಿ ತೊಯ್ದ ರವಿಕೆಯಲ್ಲೇ ಫ್ಯಾನಿನ ಕೆಳಗೆ ಕೂರುವ ಹೆಂಗಸಿಗೆ ಈಸ್ಟ್ರೋಜನ್‌ನಷ್ಟು ಚೆನ್ನಾಗಿ ಹಿಡಿಯುವ ಮದ್ದು ಇನ್ನೊಂದಿಲ್ಲ. ಇದರಲ್ಲಿ ಯಾರ ತಕರಾರೂ ಇಲ್ಲ. ಜಗಳವೆಲ್ಲ ಅದಕ್ಕೆ ತೆರಬೇಕಾದ ಬೆಲೆಯದು.

1942ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ರೆಮರಿನ್ ಎಂಬ ಈಸ್ಟ್ರೋಜನ್ ಮಾತ್ರೆಯನ್ನು ಗಬ್ಬದ ಕುದುರೆಗಳ ಮೂತ್ರದಿಂದ ತೆಗೆಯುತ್ತಿದ್ದರು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ ‘ಫೆಮಿನೈನ್ ಫಾರೆವರ್’ ಬರೆದು, ಮುಟ್ಟು ನಿಲ್ಲುವುದೇ ಒಂದು ಕಾಯಿಲೆ ಎಂದು ಸಾರಿದ. ಮಾತ್ರೆ ಭರ್ಜರಿಯಾಗಿ ಖರ್ಚಾಯಿತು. 1975ರಲ್ಲಿ ಮೊದಲ ಪೆಟ್ಟು ಬಿತ್ತು: ಬರೀ ಈಸ್ಟ್ರೋಜನ್ ನುಂಗಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚಿತ್ತು. ಅದನ್ನು ತಡೆಯಲು ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನು ಬೆರೆಸಿದರು. ಗರ್ಭಕೋಶ ಬಚಾವಾಯಿತು, ಎದೆಯ ಲೆಕ್ಕ ಕೆಟ್ಟಿತು.

ಅದು ಢಾಳಾಗಿ ಕಂಡದ್ದು 2002ರ ಜುಲೈನಲ್ಲಿ. 16,608 ಮಹಿಳೆಯರ ಮೇಲೆ ನಡೆಯುತ್ತಿದ್ದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್ ಶೇ. 26 ಹೆಚ್ಚು ಎಂಬ ಸುದ್ದಿ ಹಬ್ಬಿತು. ಲಕ್ಷಾಂತರ ಮಂದಿ ಮಾತ್ರೆ ಬಿಟ್ಟರು. ಆ ಅಂಕಿಯನ್ನು ಬಿಡಿಸಿ ನೋಡೋಣ. ಹುಸಿಮಾತ್ರೆ ನುಂಗಿದವರಲ್ಲಿ ವರ್ಷಕ್ಕೆ 10,000ಕ್ಕೆ 30 ಜನರಿಗೆ ರೋಗ ಬಂದರೆ, ಎರಡೂ ಹಾರ್ಮೋನು ನುಂಗಿದವರಲ್ಲಿ 38 ಜನರಿಗೆ. ಹೆಚ್ಚಾದದ್ದು ಎಂಟು. ಶೇಕಡಾವಾರು ಸುಳ್ಳಲ್ಲ, ಆದರೆ ಎಂಟನ್ನು ಹೇಳದೆ ಇಪ್ಪತ್ತಾರನ್ನಷ್ಟೇ ಹೇಳಿದ್ದು ಹೆದರಿಸಿದಂತೆಯೇ ಸರಿ. ಮೇಲಾಗಿ ಆ ಮಹಿಳೆಯರ ಸರಾಸರಿ ವಯಸ್ಸು 63. ಬಿಸಿ ಏರಿ ಒದ್ದಾಡುವ ಐವತ್ತರವರು ಅಲ್ಲಿ ಕಡಿಮೆ.

ಅದೇ ಸಂಶೋಧನೆಯ ಇನ್ನೊಂದು ಗುಂಪು ಗರ್ಭಕೋಶ ತೆಗೆಸಿಕೊಂಡವರದು. ಅವರಿಗೆ ಕೊಟ್ಟದ್ದು ಬರೀ ಈಸ್ಟ್ರೋಜನ್. ಪಾರ್ಶ್ವವಾಯು ಹೆಚ್ಚಿತೆಂದು 2004ರಲ್ಲಿ ಅದನ್ನೂ ನಿಲ್ಲಿಸಿದರು; ಸ್ತನ ಕ್ಯಾನ್ಸರ್ ಮಾತ್ರ ಕಡಿಮೆಯೇ ಇತ್ತು. 2020ರಲ್ಲಿ, ಇಪ್ಪತ್ತು ವರ್ಷಗಳ ಲೆಕ್ಕದಲ್ಲೂ ಹಾಗೆಯೇ. ಅಷ್ಟರಲ್ಲಿ 2019ರ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ 58 ಅಧ್ಯಯನಗಳನ್ನು ಕೂಡಿಸಿ ಬೇರೆ ಮಾತು ಹೇಳಿತ್ತು: ಐವತ್ತರಿಂದ ಐದು ವರ್ಷ ದಿನವೂ ಜೋಡಿ ಹಾರ್ಮೋನು ತೆಗೆದುಕೊಂಡ 50 ಜನರಲ್ಲಿ ಒಬ್ಬರಿಗೆ ಮುಂದಿನ ದಿನಗಳಲ್ಲಿ ಹೆಚ್ಚುವರಿಯಾಗಿ ಕ್ಯಾನ್ಸರ್, ಬರೀ ಈಸ್ಟ್ರೋಜನ್ ಆದರೆ 200ಕ್ಕೆ ಒಬ್ಬರು. ಒಂದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗ, ಇನ್ನೊಂದು ತಾವಾಗಿ ಮಾತ್ರೆ ತೆಗೆದುಕೊಂಡವರ ಲೆಕ್ಕ. ಈ ಭಿನ್ನಮತ ಇನ್ನೂ ಬಗೆಹರಿದಿಲ್ಲ. ಜೋಡಿ ಮಾತ್ರೆಯೇ ಹೆಚ್ಚು ಅಪಾಯದ್ದು ಎಂಬಲ್ಲಿ ಮಾತ್ರ ಎರಡೂ ಕೂಡುತ್ತವೆ.

ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮಿನಲ್ಲಿ ಅಂಥ ಅಪಾಯ ಕಂಡಿಲ್ಲ. ಸ್ತನ ಕ್ಯಾನ್ಸರ್‌ನಿಂದ ಚೇತರಿಸಿಕೊಂಡವರಿಗೆ ಹಾರ್ಮೋನು ಕೊಟ್ಟು ನೋಡಿದ ಸ್ವೀಡನ್ನಿನ ‘ಹ್ಯಾಬಿಟ್ಸ್’ ಪ್ರಯೋಗ, ರೋಗ ಮರುಕಳಿಸಿದ್ದರಿಂದ 2003ರಲ್ಲೇ ನಿಂತಿತು. ಅಂಥವರಿಗೆ ವೈದ್ಯರು ಈಗ ಹಾರ್ಮೋನಿಲ್ಲದ ಮದ್ದುಗಳತ್ತ ನೋಡುತ್ತಾರೆ.

ನಮ್ಮ ಹಳ್ಳಿಗಳಲ್ಲಿ ನಲವತ್ತು ತುಂಬುವ ಮೊದಲೇ ಗರ್ಭಕೋಶದ ‘ಆಪರೇಶನ್’ ಆದವರು ಸಿಗುತ್ತಾರೆ. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದಿದ್ದರೆ ಆಕೆಯ ದೇಹಕ್ಕೆ ಈಸ್ಟ್ರೋಜನ್ ಹತ್ತಾರು ವರ್ಷ ಮುಂಚೆಯೇ ನಿಂತಂತೆ. ಮೂಳೆ, ಹೃದಯ ಎರಡಕ್ಕೂ ಅದು ಕೆಟ್ಟದ್ದು. ಬೇರೆ ಅಡ್ಡಿಯಿಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೂ ಹಾರ್ಮೋನು ಕೊಡುವುದೇ ವಾಡಿಕೆ. 63ರವರ ಅಂಕಿ ಆಕೆಗೆ ಹೊಂದುವುದಿಲ್ಲ. ಅಂಡಾಶಯ ಉಳಿಸಿದ್ದಾರೋ ತೆಗೆದಿದ್ದಾರೋ ಎಂಬುದು ಆಕೆಗೇ ಗೊತ್ತಿಲ್ಲದಿದ್ದರೆ, ಟ್ರಂಕಿನ ತಳದಲ್ಲಿರುವ ಹಳೆಯ ಡಿಸ್ಚಾರ್ಜ್ ಚೀಟಿಯನ್ನು ಮೊದಲು ಹುಡುಕಬೇಕು.