ಕಮ್ಮಾರನ ಕೈಚಳಕ
ಕಪಿಲಾತೀರದ ನಂಜನಗೂಡು, ಸಂಗಮಕ್ಷೇತ್ರವಾದ ತಿರುಮಕೂಡಲು ನರಸೀಪುರ ಸೀಮೆಗಳ ಹಳೆಯ ಬಾಗಿಲುಗಳನ್ನು ಕಂಡವರು ಮರದ ಕೆತ್ತನೆಯನ್ನು ಕೊಂಡಾಡುವರೇ ಹೊರತು, ಚಿಲಕ, ಸರಪಣಿ, ಹೂಮೊಳೆಗಳನ್ನು ಬಡಿದ ಕಮ್ಮಾರನನ್ನು ನೆನೆಯುವುದು ವಿರಳ.

ಕಬ್ಬಿಣದ ಕೆಲಸದಲ್ಲಿ ಎರಕ, ಬಡಿತ ಎಂದು ಎರಡು ಬಗೆ. 1897ರಲ್ಲಿ ಮೈಸೂರಿನ ಮರದ ಅರಮನೆಯು ಅಗ್ನಿಗೆ ಆಹುತಿಯಾಗಲು, 1912ರಲ್ಲಿ ಮುಗಿದ ನೂತನ ಅರಮನೆಯ ಕಲ್ಯಾಣಮಂಟಪಕ್ಕೆ ಗ್ಲಾಸ್ಗೋ ನಗರದ ಮ್ಯಾಕ್‌ಫರ್ಲೇನ್ ಕಾರ್ಖಾನೆಯಿಂದ ಎರಕದ ಕಂಬಗಳು ಬಂದುವು. ಎರಕವು ಅಚ್ಚಿನ ರೂಪವನ್ನು ತಾಳುವುದು, ಬಡಿದರೆ ಒಡೆಯುವುದು. ಕುಲುಮೆಯಲ್ಲಿ ಕಾಸಿ ಬಡಿದುದಾದರೋ ಬಳ್ಳಿಯಂತೆ ಬಾಗುವುದು. ಅದಕ್ಕೆ ಅಚ್ಚಿಲ್ಲ, ಕಮ್ಮಾರನ ಕಣ್ಣೇ ಅಳತೆ.

ಎರೆದವರ ಹೆಸರು ಚರಿತ್ರೆಯಲ್ಲಿ ಉಳಿಯಿತು. ಊರ ಚಿಲಕವನ್ನು ಬಡಿದವನ ಹೆಸರು ಅವನ ಕೆಲಸದಲ್ಲಿಯೇ ಅಡಗಿತು. ಆದುದರಿಂದ ಹಳೆಯ ಬಾಗಿಲನ್ನು ಕಳಚಿ ಮಾರುವ ಮುನ್ನ ಭಕ್ತಮಹಾಶಯರು ಅದರ ಕಬ್ಬಿಣವನ್ನೊಮ್ಮೆ ನೋಡಿ ಕಾಪಾಡತಕ್ಕದ್ದು; ಆ ಕಾಯಕಜೀವಿಗೆ ಅದೇ ಶಾಸನ.