ಬಿಸಿಲಿನಲ್ಲಿ ಗಟ್ಟಿಯಾಗುವ ರಾಳದ ಮರಲೇಪ

ಬಿಸಿಲಿನಲ್ಲಿ ಗಟ್ಟಿಯಾಗುವ ರಾಳವು ಸೂರ್ಯನ ಬೆಳಕಿನಲ್ಲಿರುವ ನೇರಳಾತೀತ ಕಿರಣಗಳು ತಾಗಿದಾಗ ದ್ರವರೂಪದಿಂದ ಘನರೂಪಕ್ಕೆ ಬದಲಾಗುವ ಸಂಶ್ಲೇಷಿತ ಲೇಪವಾಗಿದೆ. ಮರದ ಮೇಲ್ಮೈಯ ರಂಧ್ರಗಳನ್ನು ಮುಚ್ಚಲು, ನೀರಿನಿಂದ ರಕ್ಷಿಸಲು ಮತ್ತು ಹೊಳಪು ನೀಡಲು ಇದನ್ನು ಬಳಸಲಾಗುತ್ತದೆ. ನೆರಳಿನಲ್ಲಿ ಇದು ದೀರ್ಘಕಾಲ ದ್ರವವಾಗಿಯೇ ಉಳಿಯುತ್ತದೆ. ನೇರ ಬಿಸಿಲಿನಲ್ಲಿಟ್ಟಾಗ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಸಾಮಾನ್ಯ ವಾರ್ನಿಷ್‌ನಂತೆ ದ್ರಾವಕ ಆವಿಯಾಗುವುದರಿಂದ ಇದು ಒಣಗುವುದಿಲ್ಲ. ಆದ್ದರಿಂದ ಈ ಕ್ರಿಯೆಯನ್ನು 'ಒಣಗುವಿಕೆ' ಎನ್ನುವ ಬದಲು 'ಪಕ್ವವಾಗುವಿಕೆ' ಎನ್ನುವುದು ಹೆಚ್ಚು ಸೂಕ್ತ.

ಇತಿಹಾಸ

ಬೆಳಕು ತಾಗಿದರೆ ಗಟ್ಟಿಯಾಗುವ ವಸ್ತುಗಳ ಬಳಕೆ ಛಾಯಾಚಿತ್ರಣದ ಆರಂಭಕಾಲಕ್ಕೆ ಸೇರಿದೆ. ಫ್ರಾನ್ಸಿನ ಜೋಸೆಫ್ ನೀಸೆಫೋರ್ ನಿಯೆಪ್ಸ್ 1820ರ ದಶಕದಲ್ಲಿ ಲೋಹದ ಫಲಕದ ಮೇಲೆ ನೈಸರ್ಗಿಕ ಬಿಟುಮೆನ್ ಅನ್ನು ತೆಳುವಾಗಿ ಹಚ್ಚಿ, ಕ್ಯಾಮೆರಾದೊಳಗೆ ದೀರ್ಘಕಾಲ ಬೆಳಕಿಗೆ ಒಡ್ಡಿದರು. ಬೆಳಕು ಬಿದ್ದ ಭಾಗ ಗಟ್ಟಿಯಾಗಿ ಫಲಕದ ಮೇಲೆ ಉಳಿಯಿತು. ಬೆಳಕು ಬೀಳದ ಭಾಗ ದ್ರಾವಕದಲ್ಲಿ ತೊಳೆದುಹೋಯಿತು.

ಮರದ ಲೇಪಕ್ಕೆ ಈ ತತ್ತ್ವವನ್ನು ಕೈಗಾರಿಕಾ ಪ್ರಮಾಣದಲ್ಲಿ ಅಳವಡಿಸಿದ್ದು 1960ರ ದಶಕದಲ್ಲಿ. ಆಗ ಜರ್ಮನಿಯಲ್ಲಿ ಅಪರ್ಯಾಪ್ತ ಪಾಲಿಯೆಸ್ಟರ್ ರಾಳವನ್ನು ಹಲಗೆಗಳಿಗೆ ಹಚ್ಚಿ, ನೇರಳಾತೀತ ದೀಪಗಳ ಕೆಳಗೆ ಸಾಗಿಸಿ ಗಟ್ಟಿಗೊಳಿಸುವ ಪದ್ಧತಿ ಬಳಕೆಗೆ ಬಂದಿತು. ಇಂದು ಕಾರ್ಖಾನೆಗಳಲ್ಲಿ ಪಾದರಸದ ಆವಿದೀಪಗಳು ಮತ್ತು ಎಲ್‌ಇಡಿ ದೀಪಗಳನ್ನು ಬಳಸಲಾಗುತ್ತದೆ. ದೀಪದ ಬದಲು ಬಿಸಿಲನ್ನೇ ಬಳಸುವ ಪದ್ಧತಿ ಅಲೆ ಸವಾರಿಯ ಹಲಗೆಗಳು ಮತ್ತು ದೋಣಿಗಳ ದುರಸ್ತಿಯಲ್ಲಿಯೂ ಸಣ್ಣ ಪ್ರಮಾಣದ ಮರಗೆಲಸದಲ್ಲಿಯೂ ರೂಢಿಯಲ್ಲಿದೆ.

ರಾಸಾಯನಿಕ ಕ್ರಿಯೆ

ಈ ಲೇಪದಲ್ಲಿ ಮುಖ್ಯವಾಗಿ ಮೂರು ಘಟಕಗಳಿರುತ್ತವೆ.

* ಮೂಲ ರಾಳ: ಅಕ್ರಿಲೇಟ್ ಗುಂಪುಗಳುಳ್ಳ ಮಧ್ಯಮ ಗಾತ್ರದ ಅಣುಗಳು ಅಥವಾ ಅಪರ್ಯಾಪ್ತ ಪಾಲಿಯೆಸ್ಟರ್. ಲೇಪದ ಗಡಸುತನ ಮತ್ತು ಬಾಗುವ ಗುಣ ಇದನ್ನು ಅವಲಂಬಿಸಿವೆ.
* ತೆಳುಕಾರಕ: ಸ್ಟೈರೀನ್ ಅಥವಾ ಚಿಕ್ಕ ಅಕ್ರಿಲೇಟ್ ಅಣುಗಳು. ಇವು ರಾಳವನ್ನು ಹಚ್ಚಲು ಅನುಕೂಲವಾಗುವಷ್ಟು ತೆಳುವಾಗಿಸುತ್ತವೆ ಮತ್ತು ಪಕ್ವವಾಗುವಾಗ ತಾವೂ ಲೇಪದ ಭಾಗವಾಗುತ್ತವೆ.
* ಫೋಟೋ ಇನಿಷಿಯೇಟರ್: ಬೆಳಕನ್ನು ಹೀರಿಕೊಂಡು ಕ್ರಿಯೆಯನ್ನು ಆರಂಭಿಸುವ ಪ್ರಚೋದಕ.

ಬೆಳಕನ್ನು ಹೀರಿದ ಪ್ರಚೋದಕದ ಅಣುವು ಒಡೆದು ಸ್ವತಂತ್ರ ರ‍್ಯಾಡಿಕಲ್‌ಗಳನ್ನು ಉಂಟುಮಾಡುತ್ತದೆ. ಇವು ರಾಳದ ಅಣುಗಳಲ್ಲಿರುವ ಇಂಗಾಲ–ಇಂಗಾಲ ದ್ವಿಬಂಧಗಳನ್ನು ತೆರೆದು ಒಂದಕ್ಕೊಂದು ಜೋಡಿಸುತ್ತವೆ. ಸರಪಳಿ ಕ್ರಿಯೆಯಂತೆ ಮುಂದುವರಿಯುವ ಈ ಜೋಡಣೆಯಿಂದ ಅಣುಗಳ ಬಲೆಯೊಂದು ರೂಪುಗೊಳ್ಳುತ್ತದೆ. ಬಲೆಯ ಕೊಂಡಿಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುವುದರಿಂದ ಲೇಪವನ್ನು ಮತ್ತೆ ಕರಗಿಸಲು ಅಥವಾ ಬಿಸಿಮಾಡಿ ದ್ರವವಾಗಿಸಲು ಸಾಧ್ಯವಿಲ್ಲ.

ಭೂಮಿಯನ್ನು ತಲುಪುವ ನೇರಳಾತೀತ ಕಿರಣಗಳಲ್ಲಿ ಬಹುಪಾಲು 315ರಿಂದ 400 ನ್ಯಾನೋಮೀಟರ್ ತರಂಗಾಂತರದವು. ಇದಕ್ಕಿಂತ ಬಹಳ ಕಿರಿದಾದ ತರಂಗಗಳನ್ನು ಓಝೋನ್ ಪದರ ತಡೆಯುತ್ತದೆ. ಹಾಗಾಗಿ ಬಿಸಿಲಿಗಾಗಿ ತಯಾರಿಸಿದ ರಾಳಗಳಲ್ಲಿ ಈ ವ್ಯಾಪ್ತಿಯ ಬೆಳಕನ್ನು ಹೀರುವ ಪ್ರಚೋದಕಗಳನ್ನು ಸೇರಿಸಲಾಗಿರುತ್ತದೆ. ಕೆಲಸ ಮಾಡುವುದು ಬೆಳಕೇ ಹೊರತು ಬಿಸಿಲಿನ ಕಾವಲ್ಲ. ಚಳಿಗಾಲದ ತಿಳಿ ಬಿಸಿಲಿನಲ್ಲಿಯೂ ರಾಳ ಗಟ್ಟಿಯಾಗುತ್ತದೆ, ಬೆಳಕಿಲ್ಲದ ಬಿಸಿ ಕೋಣೆಯಲ್ಲಿ ಆಗುವುದಿಲ್ಲ. ಮೋಡ ಕವಿದಾಗ, ಬೆಳಗ್ಗೆ ಮತ್ತು ಸಂಜೆಯ ಓರೆ ಬಿಸಿಲಿನಲ್ಲಿ ಹೆಚ್ಚು ಸಮಯ ಬೇಕಾಗುತ್ತದೆ.

ಮರದ ಆಯ್ಕೆ ಮತ್ತು ತೇವಾಂಶ

ಮರವು ಗಾಳಿಯ ತೇವಕ್ಕೆ ಅನುಗುಣವಾಗಿ ಹಿಗ್ಗುತ್ತದೆ ಮತ್ತು ಕುಗ್ಗುತ್ತದೆ. ಈ ಚಲನೆ ನಾರಿನ ಉದ್ದಕ್ಕೆ ಅತ್ಯಲ್ಪ. ನಾರಿಗೆ ಅಡ್ಡವಾಗಿ ಹೆಚ್ಚು. ತೇವವಿರುವ ಮರದ ಮೇಲೆ ಗಡುಸಾದ ಲೇಪ ಹಾಕಿದರೆ, ಮರ ಒಣಗಿ ಕುಗ್ಗಿದಾಗ ಲೇಪ ಬಿರುಕು ಬಿಡುತ್ತದೆ ಅಥವಾ ಪದರವಾಗಿ ಏಳುತ್ತದೆ. ಒಳಾಂಗಣದ ಪೀಠೋಪಕರಣಗಳಿಗೆ ಸಾಮಾನ್ಯವಾಗಿ ಶೇಕಡಾ 8ರಿಂದ 12ರಷ್ಟು ತೇವಾಂಶದ ಮರ ಸೂಕ್ತ. ಕರಾವಳಿ ಮತ್ತು ಮಲೆನಾಡಿನಂತಹ ಪ್ರದೇಶಗಳಲ್ಲಿ ಮಳೆಗಾಲದ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ, ಹೊರಗೆ ಇರಿಸಿದ ಮರವನ್ನು ಕೂಡಲೇ ಮುಚ್ಚುವುದು ಒಳ್ಳೆಯದಲ್ಲ.

ಎಲ್ಲ ಮರಗಳ ಮೇಲೂ ಈ ರಾಳ ಒಂದೇ ರೀತಿ ವರ್ತಿಸುವುದಿಲ್ಲ. ಬೀಟೆ ಮರದ ಚೇಗಿನಲ್ಲಿರುವ ಫೀನಾಲ್ ಸಂಯುಕ್ತಗಳು ರ‍್ಯಾಡಿಕಲ್‌ಗಳನ್ನು ನಿಷ್ಕ್ರಿಯಗೊಳಿಸಿ ರಾಳ ಗಟ್ಟಿಯಾಗದಂತೆ ತಡೆಯಬಲ್ಲವು. ತೇಗದಲ್ಲಿರುವ ಎಣ್ಣೆಯ ಅಂಶ ಲೇಪದ ಹಿಡಿತವನ್ನು ಸಡಿಲಗೊಳಿಸುತ್ತದೆ. ಇಂತಹ ಮರಗಳನ್ನು ಲೇಪಿಸುವ ಮುನ್ನ ಅಸಿಟೋನ್‌ನಿಂದ ಒರೆಸಿ, ಅದೇ ಮರದ ತುಂಡೊಂದರ ಮೇಲೆ ಪರೀಕ್ಷಿಸಿ ನೋಡುವುದು ರೂಢಿ.

ಲೇಪಿಸುವ ವಿಧಾನ

1. ಮೇಲ್ಮೈಯನ್ನು ನಾರಿನ ದಿಕ್ಕಿನಲ್ಲಿ 120, 180 ಮತ್ತು 220ರ ಉಪ್ಪುಕಾಗದಗಳಿಂದ ಕ್ರಮವಾಗಿ ಉಜ್ಜಿ ದೂಳನ್ನು ಪೂರ್ಣವಾಗಿ ತೆಗೆಯಬೇಕು.
2. ನೆರಳಿನಲ್ಲಿ, ಕಿಟಕಿಯಿಂದ ದೂರವಿರುವ ಸ್ಥಳದಲ್ಲಿ ರಾಳವನ್ನು ಅಗತ್ಯವಿರುವಷ್ಟು ಮಾತ್ರ ಪಾತ್ರೆಗೆ ಸುರಿದುಕೊಳ್ಳಬೇಕು. ಕಿಟಕಿಯ ಗಾಜು ನೇರಳಾತೀತ ಕಿರಣಗಳನ್ನು ಪೂರ್ಣವಾಗಿ ತಡೆಯುವುದಿಲ್ಲ.
3. ಮೊದಲ ಪದರವನ್ನು ಬಹಳ ತೆಳುವಾಗಿ ಹಚ್ಚಿ, ರಂಧ್ರಗಳೊಳಗೆ ಇಳಿಯಲು ಬಿಡಬೇಕು. ಅಡ್ಡ ಕೊಯ್ದ ತುದಿಗಳು ಹೆಚ್ಚು ರಾಳವನ್ನು ಹೀರುವುದರಿಂದ ಅಲ್ಲಿ ಮತ್ತೊಮ್ಮೆ ಹಚ್ಚಬೇಕಾಗುತ್ತದೆ.
4. ಗುಳ್ಳೆಗಳು ಒಡೆದು ಮೇಲ್ಮೈ ಸಮವಾದ ಮೇಲೆ ವಸ್ತುವನ್ನು ಬಿಸಿಲಿಗೆ ಒಯ್ಯಬೇಕು. ಎಲ್ಲ ಬದಿಗಳಿಗೂ ಬಿಸಿಲು ತಾಗುವಂತೆ ತಿರುಗಿಸಬೇಕು.
5. ಗಟ್ಟಿಯಾದ ಪದರವನ್ನು ಸೂಕ್ಷ್ಮ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಮುಂದಿನ ಪದರವನ್ನು ಹಚ್ಚಬೇಕು. ಕೊನೆಯ ಪದರದ ನಂತರ ಹೊಳಪು ನೀಡಲಾಗುತ್ತದೆ.

ಸಾಮಾನ್ಯ ದೋಷಗಳು

* ಅಂಟಂಟಾದ ಮೇಲ್ಮೈ: ಗಾಳಿಯ ಆಮ್ಲಜನಕವು ರ‍್ಯಾಡಿಕಲ್‌ಗಳೊಂದಿಗೆ ಸೇರಿ ಮೇಲ್ಪದರ ಗಟ್ಟಿಯಾಗುವುದನ್ನು ತಡೆಯುತ್ತದೆ. ಇದನ್ನು ನಿವಾರಿಸಲು ಕೆಲವು ರಾಳಗಳಲ್ಲಿ ಪ್ಯಾರಾಫಿನ್ ಮೇಣವನ್ನು ಬೆರೆಸಲಾಗುತ್ತದೆ. ಮೇಣವು ಮೇಲಕ್ಕೆ ಬಂದು ಗಾಳಿಯನ್ನು ತಡೆಯುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸುವುದೂ ಉಂಟು.
* ಗುಳ್ಳೆಗಳು: ಬಿಸಿಲಿನಲ್ಲಿ ಮರ ಕಾಯ್ದಾಗ ರಂಧ್ರಗಳೊಳಗಿನ ಗಾಳಿ ಹಿಗ್ಗಿ ಲೇಪದ ಮೂಲಕ ಹೊರಬರುತ್ತದೆ. ಮೊದಲ ತೆಳು ಪದರದಿಂದ ರಂಧ್ರಗಳನ್ನು ಮುಚ್ಚುವುದು ಇದಕ್ಕೆ ಪರಿಹಾರ.
* ಒಳಗೆ ಹಸಿಯಾಗಿ ಉಳಿಯುವುದು: ದಪ್ಪ ಪದರದ ಮೇಲ್ಭಾಗವೇ ಬೆಳಕನ್ನು ಹೀರಿಕೊಂಡರೆ ತಳಭಾಗ ಗಟ್ಟಿಯಾಗುವುದಿಲ್ಲ. ಬಣ್ಣ ಬೆರೆಸಿದ ರಾಳದಲ್ಲಿ ಮತ್ತು ನೆರಳು ಬೀಳುವ ಕೆತ್ತನೆಯ ಆಳದಲ್ಲಿ ಈ ದೋಷ ಹೆಚ್ಚು. ಹೊರನೋಟಕ್ಕೆ ಇದು ತಿಳಿಯದಿರುವುದರಿಂದ ತೆಳು ಪದರಗಳನ್ನೇ ಹಾಕುವುದು ಸುರಕ್ಷಿತ.
* ಕುಗ್ಗುವಿಕೆ: ಗಟ್ಟಿಯಾಗುವಾಗ ರಾಳದ ಗಾತ್ರ ತುಸು ಕಡಿಮೆಯಾಗುತ್ತದೆ. ದಪ್ಪವಾಗಿ ಹಚ್ಚಿದಲ್ಲಿ ಅಂಚುಗಳು ಬಿಟ್ಟುಕೊಳ್ಳಬಹುದು.

ಬಾಳಿಕೆ

ಲೇಪವನ್ನು ಗಟ್ಟಿಗೊಳಿಸುವ ಬಿಸಿಲೇ ಕಾಲಾಂತರದಲ್ಲಿ ಅದನ್ನು ಹಾಳುಮಾಡುತ್ತದೆ. ಪಾರದರ್ಶಕ ಲೇಪದ ಮೂಲಕ ಹಾದುಹೋಗುವ ನೇರಳಾತೀತ ಕಿರಣಗಳು ಮರದ ಲಿಗ್ನಿನ್ ಅನ್ನು ವಿಭಜಿಸುತ್ತವೆ. ಆಗ ಲೇಪ ಗಟ್ಟಿಯಾಗಿದ್ದರೂ ಅದರ ಅಡಿಯ ಮರ ಶಿಥಿಲವಾಗಿ ಹಿಡಿತ ತಪ್ಪುತ್ತದೆ. ಬಿರುಕಿನ ಮೂಲಕ ಒಳಹೋದ ನೀರು ಬೇಗ ಆರುವುದಿಲ್ಲವಾದ್ದರಿಂದ ಮರ ಕಪ್ಪಾಗುತ್ತದೆ, ಕೊಳೆಯಲೂಬಹುದು. ಆದ್ದರಿಂದ ಸದಾ ಬಿಸಿಲು–ಮಳೆಗೆ ಒಡ್ಡಿಕೊಳ್ಳುವ ಬಾಗಿಲು, ಬೆಂಚುಗಳಿಗೆ ಈ ಲೇಪವೊಂದೇ ಸಾಲದು.

ಇತರ ಲೇಪಗಳೊಂದಿಗೆ ಹೋಲಿಕೆ

ಅಗಸೆ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಎಪಾಕ್ಸಿಯು ಎರಡು ದ್ರವಗಳನ್ನು ಬೆರೆಸಿದಾಗ ಬೆಳಕಿಲ್ಲದೆಯೂ ಗಟ್ಟಿಯಾಗುತ್ತದೆ; ದಪ್ಪ ಪದರಗಳಿಗೆ ಅದು ಸೂಕ್ತ, ಆದರೆ ಬಿಸಿಲಿನಲ್ಲಿ ಹಳದಿಯಾಗುತ್ತದೆ. ಅರಗಿನಿಂದ ತಯಾರಾಗುವ ಶೆಲ್ಯಾಕ್ ಸ್ಪಿರಿಟ್‌ನಲ್ಲಿ ಕರಗುವುದರಿಂದ ಅದನ್ನು ತೆಗೆದು ಮತ್ತೆ ಹಚ್ಚಬಹುದು. ಚನ್ನಪಟ್ಟಣದ ಗೊಂಬೆಗಳಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಶಾಖದಿಂದ ಕರಗಿಸಿ ಲೇಪಿಸಲಾಗುತ್ತದೆ.

ಬೆಳಕಿನಿಂದ ಗಟ್ಟಿಯಾದ ರಾಳವನ್ನು ತೆಗೆಯಬೇಕಾದರೆ ಕೆರೆಯುವುದು ಅಥವಾ ಉಜ್ಜುವುದು ಅನಿವಾರ್ಯ. ಅದರೊಂದಿಗೆ ಮರದ ಮೇಲ್ಪದರವೂ ಹೋಗುತ್ತದೆ. ಹಳೆಯ ಕಂಬ, ಕೆತ್ತನೆ, ವಾದ್ಯ ಮುಂತಾದ ಮೌಲ್ಯಯುತ ವಸ್ತುಗಳಿಗೆ ಇದನ್ನು ಬಳಸುವುದು ಸೂಕ್ತವಲ್ಲ.

ಸುರಕ್ಷತೆ

ಗಟ್ಟಿಯಾಗದ ಅಕ್ರಿಲೇಟ್‌ಗಳು ಚರ್ಮಕ್ಕೆ ತಾಗಿದರೆ ಅಲರ್ಜಿ ಉಂಟಾಗಬಹುದು. ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಹಲ್ಲಿನ ಚಿಕಿತ್ಸೆಯಲ್ಲಿ ಬಳಸುವ ಇದೇ ವರ್ಗದ ವಸ್ತುಗಳಿಗೂ ದೇಹ ಪ್ರತಿಕ್ರಿಯಿಸಬಹುದು. ಆದ್ದರಿಂದ ನೈಟ್ರೈಲ್ ಕೈಗವಸು ಧರಿಸಬೇಕು ಮತ್ತು ರಾಳ ತಾಗಿದ ಕೂಡಲೇ ಅದನ್ನು ಬದಲಿಸಬೇಕು. ಚರ್ಮಕ್ಕೆ ರಾಳ ತಾಗಿದರೆ ದ್ರಾವಕದಿಂದ ಒರೆಸದೆ ಸಾಬೂನು ಮತ್ತು ನೀರಿನಿಂದ ತೊಳೆಯಬೇಕು. ತೊಳೆಯುವ ಮೊದಲು ಬಿಸಿಲಿಗೆ ಹೋಗಬಾರದು.

ಸ್ಟೈರೀನ್ ಇರುವ ರಾಳದ ಆವಿ ಹಾನಿಕರ ಮತ್ತು ಬೆಂಕಿ ಹತ್ತಿಕೊಳ್ಳುವಂಥದ್ದು. ಗಾಳಿಯಾಡುವ ಸ್ಥಳದಲ್ಲಿ, ಆವಿಯನ್ನು ತಡೆಯುವ ಮುಖಗವಸು ಧರಿಸಿ, ಬೆಂಕಿಯಿಂದ ದೂರವಿದ್ದು ಕೆಲಸ ಮಾಡಬೇಕು. ಉಜ್ಜುವಾಗ ಏಳುವ ದೂಳನ್ನು ಉಸಿರಾಡಬಾರದು. ಉಳಿದ ರಾಳವನ್ನು ಚರಂಡಿಗೆ ಸುರಿಯದೆ, ತೆಳುವಾಗಿ ಹರಡಿ ಬಿಸಿಲಿನಲ್ಲಿ ಪೂರ್ಣವಾಗಿ ಗಟ್ಟಿಗೊಳಿಸಿದ ನಂತರವೇ ವಿಲೇವಾರಿ ಮಾಡಬೇಕು. ಊಟದ ತಟ್ಟೆ ಅಥವಾ ಮಕ್ಕಳ ಆಟಿಕೆಗಳಿಗೆ, ಅಂತಹ ಬಳಕೆಗೆ ಯೋಗ್ಯವೆಂದು ತಯಾರಕರು ಸ್ಪಷ್ಟವಾಗಿ ನಮೂದಿಸಿರುವ ರಾಳವನ್ನು ಮಾತ್ರ ಉಪಯೋಗಿಸಬೇಕು.

ಇವನ್ನೂ ನೋಡಿ

* ನೇರಳಾತೀತ ಕಿರಣ
* ಪಾಲಿಮರ್
* ಅರಗು
* ಚನ್ನಪಟ್ಟಣದ ಗೊಂಬೆಗಳು